ಕೌಟುಂಬಿಕ ಕಾದಂಬರಿಯ ಮರುಮಿಲನ ಮತ್ತು ಓದುಗರ ಅಭಿಪ್ರಾಯ: ಸವದತ್ತಿ ಸೀಮೆಯ ಹಿನ್ನೆಲೆಯಲ್ಲಿ

ಪ್ರೇಮಕಥೆಯಾಗಿ ಆರಂಭವಾಗಿ, ಒಡೆದ ಮನೆ ಕೂಡುವುದರಲ್ಲಿ ಮುಗಿಯುವ ಕಾದಂಬರಿಯನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ 'ಜನಪ್ರಿಯ'ವೆಂದು ಬದಿಗಿರಿಸಿದೆ. ಅದರೊಡನೆ ಓದುಗರ, ಅದರಲ್ಲೂ ಓದುಗಿತಿಯರ ಅಭಿಪ್ರಾಯವೂ ಬದಿಗೆ ಸರಿದಿದೆ. 'ಕಡೀಕ ಎಲ್ಲಾರೂ ಕೂಡಿದ್ದು ಛಲೋ ಆತು' ಎಂಬಂಥ ಮಾತು ಬರಿಯ ಭಾವುಕತೆಯೆನಿಸಿಬಿಡುತ್ತದೆ.

ಕೃಷ್ಣಮೂರ್ತಿ ಪುರಾಣಿಕರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಲನಚಿತ್ರವಾಯಿತು. ಶೀರ್ಷಿಕೆಯ ಈ ಪಲ್ಲಟ ಗಮನಾರ್ಹ: ವ್ಯಕ್ತಿಯ ಹಿರಿಮೆಯನ್ನು ಸೂಚಿಸುವ ಹೆಸರಿನ ಜಾಗದಲ್ಲಿ ಇಡೀ ಕುಟುಂಬವನ್ನು ಕುರಿತ ಹೇಳಿಕೆ ಬಂದಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಓದುಗರಿಗೆ ಮರುಮಿಲನವು ಕಾದಂಬರಿಯಿಂದ ಬಂದ ಕಲ್ಪನೆಯಲ್ಲ. ಯಲ್ಲಮ್ಮನ ಗುಡ್ಡದ ಕಥೆಯಲ್ಲಿ ಜಮದಗ್ನಿಯ ಆಜ್ಞೆಯಂತೆ ತಾಯಿಯ ತಲೆ ಕಡಿದ ಪರಶುರಾಮನೇ ಅವಳ ಜೀವವನ್ನು ವರವಾಗಿ ಬೇಡುತ್ತಾನೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ವೈಧವ್ಯವನ್ನೂ ಭಾರತ ಹುಣ್ಣಿಮೆಗೆ ಮರಳಿದ ಮುತ್ತೈದೆತನವನ್ನೂ ಆಚರಿಸಲಾಗುತ್ತದೆ. ಆಜ್ಞೆಯಿತ್ತವನೂ ವರ ಕೊಟ್ಟವನೂ ಒಬ್ಬನೇ; ತಪ್ಪು ಯಾರದೆಂಬುದು ಇತ್ಯರ್ಥವಾಗದೆಯೇ ಮನೆ ಕೂಡುತ್ತದೆ.

ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಳ್ಳುವ ರೂಢಿಯಿರುವಲ್ಲಿ ಪ್ರೇಮವಿವಾಹವು ತಂದೆ-ಮಗಳ ಸಂಬಂಧವನ್ನಷ್ಟೇ ಅಲ್ಲ, ತವರಿನ ಕೊಡು-ಕೊಳ್ಳುವಿಕೆಯನ್ನೂ ಮುರಿಯುತ್ತದೆ. ಆದ್ದರಿಂದ 'ಕೂಡಿದರು' ಎಂಬ ತೃಪ್ತಿಯ ಹಿಂದೆ ಯಾರು ಮೊದಲು ಹೊಸ್ತಿಲು ದಾಟಿದರು, ಯಾರು ಬಾಗಿದರು ಎಂಬ ಲೆಕ್ಕವಿರಬಹುದು. 'ಇಷ್ಟವಾಯಿತೇ' ಎಂದಷ್ಟೇ ಕೇಳುವ ಪ್ರಶ್ನಾವಳಿಗೆ (ನಮ್ಮ ಬಹುಪಾಲು ಪ್ರಶ್ನಾವಳಿಗಳು ಅಂಥವೇ) ಈ ಲೆಕ್ಕ ದಕ್ಕದು. ಕ್ಷಮೆ ಕೇಳಿದವಳು ಮಗಳೇ ಆಗಿದ್ದರೆ, ಅದೇ ಪುಟವನ್ನು ಅತ್ತೆ ಓದುವ ಬಗೆಯೂ ಸೊಸೆ ಓದುವ ಬಗೆಯೂ ಒಂದೇ ಆಗಿರಬೇಕಿಲ್ಲ.