ಪುಷ್ಪಗಳೂ ಅವುಗಳ ಅತಿಥಿಗಳೂ

ಹೂವು ಅರಳುವುದು ನಮ್ಮ ಮುಡಿಗೋಸ್ಕರವೇ ಎಂದು ಭಾವಿಸುವ ಬಾಲಿಕೆಯರು ಅನೇಕರುಂಟು. ಆದರೆ ಮನುಷ್ಯರ ಕಣ್ಣು ಬೀಳದ ಅಡವಿಯಲ್ಲಿಯೂ ಹೂಗಳು ಅಷ್ಟೇ ಅಂದವಾಗಿ ಅರಳುತ್ತವೆ. ಹಾಗಾದರೆ ಆ ಬಣ್ಣವೂ ಪರಿಮಳವೂ ಮಕರಂದವೂ ಯಾರಿಗಾಗಿ?

ಈ ಪ್ರಶ್ನೆಯನ್ನು ಶ್ರದ್ಧೆಯಿಂದ ವಿಚಾರಿಸಿದವರಲ್ಲಿ ಜರ್ಮನಿಯ ಸ್ಪಾಂಡೌ ಪಟ್ಟಣದ ಶಾಲಾ ಮುಖ್ಯೋಪಾಧ್ಯಾಯನಾದ ಕ್ರಿಸ್ತಿಯಾನ್ ಕೊನ್ರಾಡ್ ಸ್ಪ್ರೆಂಗೆಲನು ಅಗ್ರಗಣ್ಯನು. ಅವನು 1787ರಲ್ಲಿ ಒಂದು ಕಾಡುಹೂವಿನ ಎಸಳುಗಳ ಬುಡದಲ್ಲಿ ಅತಿ ಸೂಕ್ಷ್ಮವಾದ ರೋಮಗಳನ್ನು ಕಂಡನು. ಸೃಷ್ಟಿಕರ್ತನು ಒಂದು ರೋಮವನ್ನಾದರೂ ನಿಷ್ಪ್ರಯೋಜನವಾಗಿ ಉಂಟುಮಾಡಿರಲಾರನೆಂದು ನಂಬಿ, ಅದರ ಕಾರಣವನ್ನು ಹುಡುಕತೊಡಗಿದನು. ಆ ರೋಮಗಳು ಮಳೆಹನಿಯನ್ನು ತಡೆದು ಕೆಳಗಿನ ಮಕರಂದವನ್ನು ಕಾಯುತ್ತವೆಂದೂ, ಆ ಮಕರಂದವು ಕೀಟಗಳಿಗೆ ಇಟ್ಟ ಔತಣವೆಂದೂ, ಎಸಳುಗಳ ಮೇಲಿನ ಗೆರೆಚುಕ್ಕೆಗಳು ಔತಣದ ದಾರಿಯನ್ನು ತೋರಿಸುವ ಗುರುತುಗಳೆಂದೂ ಕ್ರಮವಾಗಿ ಅವನಿಗೆ ಹೊಳೆಯಿತು. 1793ರಲ್ಲಿ ಅವನು ಇದನ್ನೆಲ್ಲ ಗ್ರಂಥರೂಪವಾಗಿ ಪ್ರಕಟಿಸಿದಾಗ ಪಂಡಿತರು ಹೆಚ್ಚಾಗಿ ಲಕ್ಷಿಸಲಿಲ್ಲ. ಮರುವರ್ಷ ಉದ್ಯೋಗವೂ ಹೋಯಿತು. 1816ರಲ್ಲಿ ಅವನು ತೀರಿಕೊಂಡ ಬಹುಕಾಲದ ಮೇಲೆ ಚಾರ್ಲ್ಸ್ ಡಾರ್ವಿನನು ಆ ಗ್ರಂಥದ ಬೆಲೆಯನ್ನು ಲೋಕಕ್ಕೆ ತೋರಿಸಿದನು.

ಔತಣಕ್ಕೆ ಪ್ರತಿಯಾಗಿ ಅತಿಥಿಯು ಮಾಡುವ ಉಪಕಾರವೇನು? ಗಿಡವು ಇದ್ದ ಸ್ಥಳವನ್ನು ಬಿಟ್ಟು ಕದಲಲಾರದು. ಕೇಸರದ ಪರಾಗವು ಅದೇ ಜಾತಿಯ ಹೂವಿನ ಶಲಾಕಾಗ್ರವನ್ನು ಮುಟ್ಟಿದಲ್ಲದೆ ಬೀಜವು ಕಟ್ಟುವುದಿಲ್ಲ. ಮಕರಂದವನ್ನು ಹೀರುವ ಜೇನುಹುಳುವಿನ ಮೈಗೆ ಪರಾಗವು ಅಂಟಿಕೊಂಡು, ಮುಂದಿನ ಹೂವಿಗೆ ಹೋಗಿ ಸೇರುವುದು.

ಅತಿಥಿಗೆ ತಕ್ಕಂತೆ ಆಹ್ವಾನವೂ ಬೇರೆ ಬೇರೆ. ಜೇನುಹುಳುವಿಗೆ ಕೆಂಪು ಬಣ್ಣವು ಚೆನ್ನಾಗಿ ತೋರದು. ಆದರೆ ನಮಗೆ ಕಾಣದ ಅತಿನೇರಳೆ ಕಿರಣಗಳು ಅದಕ್ಕೆ ಕಾಣುತ್ತವೆ. ಬೇಸಗೆಯ ಮೊದಲಲ್ಲಿ ಎಲೆಯುದುರಿ ನಿಂತ ಮುತ್ತುಗದ ಕೆಂಗೆಂಪು ಹೂಗಳು ಪಕ್ಷಿಗಳನ್ನು ಕರೆಯುತ್ತವೆ. ಇರುಳಲ್ಲಿ ಬಣ್ಣವು ಪ್ರಯೋಜನವಿಲ್ಲವಾದುದರಿಂದ, ರಾತ್ರಿ ಅರಳುವ ಹೂಗಳಲ್ಲಿ ಅನೇಕವು ಬಿಳುಪಾಗಿದ್ದು ಬಲವಾದ ಪರಿಮಳದಿಂದ ಪತಂಗಗಳನ್ನು ಸೆಳೆಯುತ್ತವೆ. ಸುವರ್ಣಗಡ್ಡೆಯ ಹೂವಾದರೋ ಕೊಳೆತ ಮಾಂಸದ ನಾತವನ್ನು ಬೀರುತ್ತದೆ. ನಾವು ಮೂಗು ಮುಚ್ಚಿಕೊಳ್ಳುವ ಆ ನಾತವೇ ಕೆಲವು ಜೀರುಂಡೆಗಳಿಗೆ ಪ್ರಿಯವಾದ ಕರೆ.

ಈ ಪಾಠವನ್ನು ಮನೆಯ ಹಿತ್ತಿಲಲ್ಲಿಯೇ ಪರೀಕ್ಷಿಸಬಹುದು. ಕುಂಬಳಬಳ್ಳಿಯಲ್ಲಿ ಗಂಡು ಹೂವು ನೀಳವಾದ ತೊಟ್ಟಿನ ಮೇಲೆ ನಿಲ್ಲುವುದು; ಹೆಣ್ಣು ಹೂವಿನ ಕೆಳಗೆ ಪುಟ್ಟ ಎಳೆಗಾಯಿ ಇರುವುದು. ಇದರ ಪರಾಗವು ಭಾರವಾಗಿಯೂ ಅಂಟಾಗಿಯೂ ಇರುವುದರಿಂದ ಗಾಳಿಯು ಅದನ್ನು ಒಯ್ಯಲಾರದು. ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಜೇನು ಬಾರದಿದ್ದರೆ ಎಳೆಗಾಯಿಯು ಹಳದಿಯಾಗಿ ಉದುರುವುದು. ಯಾರೋ ಬೆರಳು ತೋರಿಸಿದರು, ದೃಷ್ಟಿ ತಾಕಿತು ಎಂದು ನೆರೆಯವರನ್ನು ದೂರುವ ಮನೆಗಳಲ್ಲಿ ಇದನ್ನು ತಿಳಿಸಿ ಹೇಳುವುದು ವಿದ್ಯೆ ಕಲಿತ ಹುಡುಗಿಯ ಕರ್ತವ್ಯವು. ಬೆಳಿಗ್ಗೆ ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿರಿ. ಒಂದು ವಾರದಲ್ಲಿ ಕಾಯಿ ಬಲಿಯುವುದನ್ನು ನೋಡಿದ ನೆರೆಯವಳಿಗೆ ಬೇರೆ ಸಾಕ್ಷಿ ಬೇಡ.

ಆದರೆ ಊರಿನ ಹೂಗಳಿಗೆಲ್ಲ ನಮ್ಮ ಕೈ ಸಾಲದು. ಆದುದರಿಂದ ಹೂವರಳಿದ ಹೊತ್ತಿನಲ್ಲಿ ಗಿಡಗಳಿಗೆ ವಿಷದ ಔಷಧಿಯನ್ನು ಸಿಂಪಡಿಸಬೇಡಿರಿ, ಸಿಂಪಡಿಸುವವರಿಗೂ ತಿಳಿಸಿರಿ, ಜೇನುಗೂಡಿಗೆ ಬೆಂಕಿಯಿಡಗೊಡಬೇಡಿರಿ. ಅಡವಿಯ ಹೂಗಳನ್ನು ಗಮನಿಸಿ ನೋಡಬೇಕೆಂದು ನಮ್ಮ ಕರ್ತನು ಶಿಷ್ಯರಿಗೆ ಬೋಧಿಸಿದನು. ಒಂದು ರೋಮವನ್ನು ಗಮನಿಸಿ ನೋಡಿದ ಉಪಾಧ್ಯಾಯನಿಗೆ ಎಂಥ ರಹಸ್ಯವು ತೆರೆಯಿತೆಂಬುದನ್ನು ಮರೆಯದೆ, ನಾಳೆ ಮುಂಜಾನೆ ಒಂದು ಹೂವಿನ ಮುಂದೆ ಕಾಲು ಗಂಟೆ ಸುಮ್ಮನೆ ಕುಳಿತು, ಅಲ್ಲಿಗೆ ಯಾರು ಯಾರು ಬಂದರೆಂದು ಬರೆದಿಡಿರಿ.