ಪಿಕಪ್ ಗಾಡಿಯ ಮುಂಭಾಗದ ಬುಷ್‌ಗಳು: ಸವೆದವುಗಳನ್ನು ಬದಲಾಯಿಸತಕ್ಕ ಕ್ರಮ

ರಿಪ್ಪನ್‌ಪೇಟೆಯು ನಾಲ್ಕು ದಾರಿಗಳು ಕೂಡುವ ಊರು. ಆಯನೂರಿನ ಮೇಲೆ ಶಿವಮೊಗ್ಗಕ್ಕೂ, ಆನಂದಪುರದ ಮೇಲೆ ಸಾಗರಕ್ಕೂ, ಕೋಣಂದೂರಿನ ಮೇಲೆ ತೀರ್ಥಹಳ್ಳಿಗೂ, ಇನ್ನೊಂದು ಕಡೆ ಹೊಸನಗರಕ್ಕೂ ಇಲ್ಲಿಂದ ರಸ್ತೆಗಳು ಹೊರಡುತ್ತವೆ. ಪೂರ್ವದಲ್ಲಿ ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸವನ್ನು ಈಗ ಈ ಪ್ರಾಂತ್ಯದಲ್ಲಿ ಪಿಕಪ್ ಗಾಡಿಯು ವಹಿಸಿಕೊಂಡಿರುವುದು ಜಮೀನುದಾರರಿಗೆ ತಿಳಿದ ವಿಷಯವೇ. ಅಡಿಕೆ, ಶುಂಠಿ, ಭತ್ತ, ಗೊಬ್ಬರ, ಬೋರ್ಡೋ ದ್ರಾವಣದ ಪೀಪಾಯಿ, ಎಲ್ಲವೂ ಅದರ ಮೇಲೆಯೇ. (ಕೂಲಿಯಾಳುಗಳನ್ನು ಸರಕುಗಾಡಿಯ ಹಿಂದೆ ತುಂಬಿಕೊಂಡು ಹೋಗುವುದು ಕಾನೂನಿಗೆ ವಿರೋಧವೆಂಬುದನ್ನು ಪ್ರಸಂಗವಶಾತ್ ಹೇಳಿಬಿಡುತ್ತೇನೆ.) ಮಳೆಗಾಲ ಕಳೆಯುವಷ್ಟರಲ್ಲಿ ತೋಟದ ದಾರಿಗಳೆಲ್ಲ ಗುಂಡಿಬಿದ್ದು, ಗಾಡಿಯ ಮುಂಭಾಗದಲ್ಲಿ ಕಟಕಟನೆ ಸದ್ದು ಹುಟ್ಟುತ್ತದೆ. ಮಾಲೀಕನು ಷಾಕ್ ಅಬ್ಸಾರ್ಬರನ್ನೋ ಟೈರನ್ನೋ ಹೊಸದಾಗಿ ಹಾಕಿಸುತ್ತಾನೆ, ಸದ್ದು ನಿಲ್ಲುವುದಿಲ್ಲ. ಬಹುಮಟ್ಟಿಗೆ ದೋಷವಿರುವುದು ಒಂದು ಟೈರಿನ ಬೆಲೆಯಲ್ಲಿ ಅಲ್ಪಭಾಗವೂ ಆಗದ ರಬ್ಬರ್ ಬುಷ್‌ನಲ್ಲಿ.

ಬುಷ್ ಎಂಬುದು ಒಂದರೊಳಗೊಂದು ಇರುವ ಎರಡು ಉಕ್ಕಿನ ಕೊಳವೆಗಳು, ಅವುಗಳ ನಡುವೆ ಅಂಟಿಸಿದ ರಬ್ಬರು. ಹೊರಕೊಳವೆಯು ಚಕ್ರವನ್ನು ಹಿಡಿದಿರುವ ತೋಳಿನಲ್ಲಿಯೋ, ಪಟ್ಟಿ ಸ್ಪ್ರಿಂಗಿನ ಕಣ್ಣಿನಲ್ಲಿಯೋ ಬಿಗಿಯಾಗಿ ಕುಳಿತಿರುತ್ತದೆ. ಒಳಕೊಳವೆಯನ್ನು ಬೋಲ್ಟು ಚಾಸಿಗೆ ಕಚ್ಚಿ ಹಿಡಿಯುತ್ತದೆ. ಚಕ್ರವು ಏರಿ ಇಳಿಯುವಾಗ ಕೊಳವೆಗಳು ಜಾರುವುದಿಲ್ಲ. ನಡುವಿನ ರಬ್ಬರೇ ಹುರಿಗೊಂಡು ಹಿಂದಿರುಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು.

ಮೊದಲನೆಯದಾಗಿ, ಇದಕ್ಕೆ ಎಣ್ಣೆ ಕೂಡದು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ರೂಢಿಯಾದ ಕೈಗಳು ಸದ್ದು ಕೇಳಿದೊಡನೆ ಇಂಜಿನ್ನಿನ ಹಳೆಯ ಎಣ್ಣೆಯನ್ನು ಸುರಿಯುತ್ತವೆ. ಸದ್ದೇನೋ ಕೆಲವು ದಿನ ಅಡಗುತ್ತದೆ. ಆದರೆ ಸ್ವಾಭಾವಿಕ ರಬ್ಬರು ಖನಿಜದೆಣ್ಣೆಯನ್ನು ಹೀರಿ ಊದಿಕೊಂಡು, ಮೆದುವಾಗಿ, ಹರಿದುಹೋಗುತ್ತದೆ. ಗ್ರೀಸ್ ತುಂಬುವ ಮೂತಿಯುಳ್ಳ ಲೋಹದ ಬುಷ್‌ಗಳ ಮಾತು ಬೇರೆ. ಅವುಗಳಿಗೆ ಗ್ರೀಸನ್ನು ತಪ್ಪದೆ ಕೊಡತಕ್ಕದ್ದು.

ಸವೆದ ಬುಷ್‌ನ ಗುರುತುಗಳಾವುವೆಂದರೆ: ಬ್ರೇಕು ಒತ್ತಿದಾಗ ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದು, ಟೈರಿನ ಒಂದೇ ಅಂಚು ಸವೆಯುವುದು, ಗುಂಡಿಯಲ್ಲಿ ಲೋಹಕ್ಕೆ ಲೋಹ ತಾಗಿದ ಸದ್ದು. ಗಾಡಿಯನ್ನು ನಿಲ್ಲಿಸಿ, ತೋಳಿಗೂ ಚಾಸಿಗೂ ನಡುವೆ ಹಾರೆಯ ತುದಿಯನ್ನಿಟ್ಟು ಮೆಲ್ಲನೆ ಮೀಟಿ ನೋಡಿದರೆ, ರಬ್ಬರಿನ ಬಿರುಕೂ ಒಳಕೊಳವೆಯು ನಡುವಿನಿಂದ ಸರಿದಿರುವುದೂ ಕಣ್ಣಿಗೆ ಬೀಳುತ್ತದೆ. ಆಗುಂಬೆ ಅಥವಾ ಹುಲಿಕಲ್ ಘಾಟಿಯನ್ನು ಹೊರೆ ಸಹಿತ ಇಳಿಯತಕ್ಕ ಗಾಡಿಯಲ್ಲಿ ಇಂತಹ ಗುರುತು ಕಂಡರೆ, ಕಾಯುವುದು ಜೀವಕ್ಕೆ ಅಪಾಯ. ತಿರುವಿನಲ್ಲಿ ಬ್ರೇಕು ಒತ್ತಿದ ಕ್ಷಣದಲ್ಲಿಯೇ ಮುಂಚಕ್ರವು ತನ್ನ ನೇರವನ್ನು ಬಿಡುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಗಾಡಿಯನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂಚಕ್ರಗಳಿಗೆ ಮರದ ಅಡ್ಡ ಕೊಟ್ಟು, ಜಾಕಿನಿಂದ ಎತ್ತಿ, ಚಾಸಿಯನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸತಕ್ಕದ್ದು. ನಮ್ಮ ಸೀಮೆಯಲ್ಲಿ ಕೈಗೆ ಮೊದಲು ಸಿಕ್ಕುವುದು ಜಂಬಿಟ್ಟಿಗೆ ಕಲ್ಲು. ಅದನ್ನು ಗಾಡಿಯ ಕೆಳಗೆ ಎಂದಿಗೂ ಇಡಬಾರದು. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಆ ಕಲ್ಲು, ಕಬ್ಬಿಣದ ಅಂಚು ಒಂದೇ ಕಡೆ ಒತ್ತಿದಾಗ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಕೆಳಗೆ ಮನುಷ್ಯನು ಮಲಗಿರುತ್ತಾನೆ. ಜಾಕೊಂದನ್ನೇ ನಂಬಿ ಕೆಳಗೆ ನುಸಿಯುವುದೂ ಅಷ್ಟೇ ನಿಷಿದ್ಧ.

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ದ್ರವವನ್ನು ಹಾಕಿಡಬೇಕು. ಹಳೆಯ ಬುಷ್ ಹೇಗಿದ್ದರೂ ಹೊರಹೋಗುವುದರಿಂದ ಅದಕ್ಕೆ ತಗಲಿದರೆ ಚಿಂತೆಯಿಲ್ಲ. ಬಿಚ್ಚುವ ಮುನ್ನ ಬೋಲ್ಟಿನ ತಲೆ ಇರುವ ಸ್ಥಾನಕ್ಕೂ, ತೆಳುತಗಡುಗಳ ಎಣಿಕೆಗೂ ಬಣ್ಣದ ಗುರುತು ಹಾಕತಕ್ಕದ್ದು. ಸುರುಳಿ ಸ್ಪ್ರಿಂಗಿನ ಗಾಡಿಯಾದರೆ ಆ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಲು ಹೋಗಕೂಡದು. ಅದುಮಿ ನಿಂತ ಸ್ಪ್ರಿಂಗು ಸಿಡಿದರೆ ಕೈಕಾಲು ಉಳಿಯದು. ಪ್ರೆಸ್ಸೂ ಸ್ಪ್ರಿಂಗ್ ಅದುಮುವ ಸಾಧನವೂ ಇರುವ ಕಾರ್ಖಾನೆಗೆ ಒಪ್ಪಿಸುವುದೇ ಲೇಸು.

ಹಳೆಯ ಬುಷ್‌ಗೆ ಬೆಂಕಿ ಹಚ್ಚಿ ಸುಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹೊಗೆಯು ವಿಷ, ತೋಳಿನ ಉಕ್ಕಿನ ಹದವೂ ಕೆಡಬಹುದು. ಪ್ರೆಸ್ಸಿನಿಂದ, ಇಲ್ಲವೇ ತಕ್ಕ ಅಳತೆಯ ಕೊಳವೆ ತುಂಡು ಮತ್ತು ಉದ್ದ ಬೋಲ್ಟಿನಿಂದ ಎಳೆದು ತೆಗೆಯಬಹುದು. ಹೊಸದನ್ನು ಸಾಬೂನು ನೀರು ಸವರಿ, ಹೊರಕೊಳವೆಯ ಅಂಚನ್ನೇ ಒತ್ತುತ್ತ ಕೂರಿಸಬೇಕು. ರಬ್ಬರನ್ನಾಗಲಿ ಒಳಕೊಳವೆಯನ್ನಾಗಲಿ ಒತ್ತಿದರೆ ಅಂಟು ಬಿಡುತ್ತದೆ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಸಂದುಗಳಿರುತ್ತವೆ. ಹಳೆಯದರಲ್ಲಿ ಅವು ಯಾವ ದಿಕ್ಕಿಗಿದ್ದವೋ ಹೊಸದರಲ್ಲಿಯೂ ಆ ದಿಕ್ಕಿಗೇ ಇರತಕ್ಕದ್ದು. ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಮೇಲು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಾಡಿಯು ಮೇಲೆ ಎತ್ತಿರುವಾಗ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನು ಪೂರ್ಣವಾಗಿ ಬಿಗಿಮಾಡಿಬಿಡುವುದು ಅನೇಕ ಕಾರ್ಖಾನೆಗಳ ವಾಡಿಕೆ. ಬೋಲ್ಟು ಬಿಗಿದ ಸ್ಥಾನವೇ ರಬ್ಬರಿನ ವಿಶ್ರಾಂತಿಯ ಸ್ಥಾನ. ಹೀಗಿರುವಲ್ಲಿ ಗಾಡಿಯನ್ನು ಇಳಿಸಿದೊಡನೆ, ರಸ್ತೆಗೆ ಹೋಗುವ ಮೊದಲೇ, ರಬ್ಬರು ಹುರಿಗೊಂಡಿರುತ್ತದೆ. ಹುರಿಗೊಂಡ ಹಗ್ಗವನ್ನು ಮತ್ತೆ ಹುರಿಗೊಳಿಸಿದಂತೆ ಪ್ರತಿ ಗುಂಡಿಯೂ ಅದನ್ನು ಮಿತಿಮೀರಿ ತಿರುಚುತ್ತದೆ. ಹೊಸ ಬುಷ್ ಬೇಗನೆ ಹರಿದು, ಮಾಲು ನಕಲಿಯೆಂದು ಅಂಗಡಿಯವನನ್ನು ದೂರುವಂತಾಗುತ್ತದೆ. ಆದಕಾರಣ ಬೋಲ್ಟುಗಳನ್ನು ಸಡಿಲವಾಗಿಯೇ ಕೂರಿಸಿ, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಮುಂಭಾಗವನ್ನು ಎರಡು ಮೂರು ಬಾರಿ ಅದುಮಿ ಬಿಟ್ಟು, ಅದು ಸಹಜವಾದ ಎತ್ತರಕ್ಕೆ ನಿಂತ ಮೇಲೆ, ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಪ್ರಮಾಣಕ್ಕೆ ಅಳತೆಯ ಸ್ಪ್ಯಾನರಿನಿಂದ ಬಿಗಿಮಾಡಿಸತಕ್ಕದ್ದು. ಈ ಒಂದು ಹೊತ್ತಿಗಾದರೂ ಮಾಲೀಕನು ಎದುರಿಗೆ ನಿಂತು ನೋಡುವುದು ಒಳ್ಳೆಯದು.

ಷಾಕ್ ಅಬ್ಸಾರ್ಬರಿನ ತಲೆಯಲ್ಲಿರುವ ರಬ್ಬರ್ ಮೌಂಟುಗಳನ್ನೂ ಇದೇ ಸಂದರ್ಭದಲ್ಲಿ ನೋಡಿಸಬೇಕು. ಅಲ್ಲಿ ನಟ್ಟನ್ನು ಅತಿಯಾಗಿ ಬಿಗಿದರೆ ರಬ್ಬರು ಚಪ್ಪಟೆಯಾಗಿ ಸೀಳುತ್ತದೆ. ಪಾಲಿಯುರೆಥೇನ್ ಬುಷ್‌ಗಳು ಹೆಚ್ಚು ಕಾಲ ಬಾಳುವುವೆಂದು ಮಾರುವವರಿದ್ದಾರೆ. ಅವು ಗಟ್ಟಿಯಾದವುಗಳೇ ಸರಿ. ಆದರೆ ಗುಂಡಿಯ ಪೆಟ್ಟನ್ನು ಚಾಸಿಗೆ ಹೆಚ್ಚಾಗಿ ಸಾಗಿಸುವುದರಿಂದ ತೋಟದ ದಾರಿಗೆ ರಬ್ಬರೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ಕೆಲಸ ಮುಗಿದ ಮೇಲೆ ಚಕ್ರಗಳ ನೇರವನ್ನು ಪರೀಕ್ಷಿಸದೆ ಹೊರೆ ಹೇರಬಾರದು. ಇದಕ್ಕೆ ಅನುಕೂಲವಾದ ಕಾಲವು ಮಳೆ ನಿಂತು ಅಡಿಕೆ ಕೊಯ್ಲು ಆರಂಭವಾಗುವುದಕ್ಕೆ ಮುಂಚಿನ ಕೆಲವು ವಾರಗಳು. ಕೊಯ್ಲು ಹತ್ತಿದ ಮೇಲೆ ಒಂದು ದಿನವಾದರೂ ಗಾಡಿಯನ್ನು ಬಿಟ್ಟುಕೊಡುವವರು ಯಾರೂ ಇಲ್ಲ.