ತೊಗರಿ ಬೇಳೆಗೆ ಮನೆ ಮಷೀನ್: ಕೊಳ್ಳೋ ಮೊದಲು 10 ಕಿಲೋ ಒಡೆಸಿ ನೋಡ್ರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಯುವ ರೈತರು ತೊಗರಿ ರಾಶಿ ಮುಗಿದ ಕೂಡಲೇ ಕೇಳೋ ಪ್ರಶ್ನೆ ಒಂದೇ: "ಅಣ್ಣಾ, ಕಾಳು ಮಾರೋದು ಬಿಟ್ಟು ಬೇಳೆ ಮಾಡಿ ಮಾರಬೇಕಂತೀನಿ. ಕಡಿಮೆ ರೊಕ್ಕದ ಮಷೀನ್ ಯಾವುದು?" ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಹೆಸರು ಬಂದದ್ದು ಬೇಳೆಗೆ, ನಾವು ಮಾರೋದು ಕಾಳು. ಹಾಗಾಗಿ ಆಸೆ ಸರಿಯೇ ಇದೆ.

ಆದರೆ ನಾನು ಮಾಡಿದ ತಪ್ಪು ಮೊದಲು ಕೇಳ್ರಿ. ವಿಡಿಯೋ ನೋಡಿ, ರೇಟ್ ಕಡಿಮೆ ಅಂತ ಒಂದು ಮಷೀನ್ ತರಿಸಿದೆ. 50 ಕಿಲೋ ಸಾವಯವ ತೊಗರಿ ಹಾಕಿದ್ರೆ ಬೇಳೆ 28 ಕಿಲೋ, ನುಚ್ಚು 9 ಕಿಲೋ. ಉಳಿದ 13 ಕಿಲೋ ಹೊಟ್ಟು, ಪುಡಿ. ಅವ್ವ ನುಚ್ಚು ಕೈಯಾಗ ಹಿಡಿದು, "ಬೀಸುಕಲ್ಲಾಗ ಇದಕ್ಕಿಂತ ಛಲೋ ಬರ್ತಿತ್ತಲ್ಲೋ" ಅಂದಳು. ಅವಳು ಹೇಳಿದ್ದು ಖರೆ ಇತ್ತು.

ಬೀಸುಕಲ್ಲಿನ ಪಾಠ

ಬೀಸುಕಲ್ಲು ಕಾಳನ್ನು ಹೊಡೆಯೋದಿಲ್ಲ, ಎರಡು ಕಲ್ಲಿನ ನಡುವೆ ಉಜ್ಜಿ ಒಡೀತದೆ. ಆ ನಡುವಿನ ಸಂದೇ ಮುಖ್ಯ. ಸಂದು ಕಿರಿದಾದ್ರೆ ಹಿಟ್ಟು, ಅಗಲಾದ್ರೆ ಇಡೀ ಕಾಳು. ಎಸ್ಪ್ರೆಸೊ ಕಾಫಿ ಮಾಡೋರು ಬ್ಲೇಡ್ ಮಿಕ್ಸರ್ ಬಿಟ್ಟು ಸಂದು ಹೊಂದಿಸೋ ಗ್ರೈಂಡರ್ ಹುಡುಕೋದೂ ಇದೇ ಕಾರಣಕ್ಕೆ. ಬ್ಲೇಡ್ ಕಂಡಕಂಡಂಗೆ ಕತ್ತರಿಸ್ತದೆ, ಒಂದೇ ಅಳತೆ ಬರೋದಿಲ್ಲ.

ಮಷೀನಿನಲ್ಲಿ ನೋಡಬೇಕಾದ್ದು

1. ಒಡೆಯೋ ಭಾಗ: ಖಾರ, ಅರಿಶಿನ ಪುಡಿ ಮಾಡೋ ಪಲ್ವರೈಸರ್ ಬೇಳೆಗೆ ಆಗೋದಿಲ್ಲ. ಅದರ ಸುತ್ತಿಗೆ ಕಾಳು ಪುಡಿ ಮಾಡ್ತದೆ. ಎಮರಿ ರೋಲರ್ ಅಥವಾ ಚಕ್ಕಿ ಕಲ್ಲು ಇರೋದೇ ಬೇಕು.
2. ಸಂದು ಹೊಂದಿಸೋ ಸ್ಕ್ರೂ: ಕೈಲೆ ತಿರುಗಬೇಕು, ಬಿಗಿ ಮಾಡಿದ ಮೇಲೆ ಮಷೀನ್ ನಡುಗಿದ್ರೂ ಸಡಿಲಾಗಬಾರದು.
3. ಮೋಟಾರ್: ಮನೆ ಲೈನಿಗೆ ಸಿಂಗಲ್ ಫೇಸ್ ಮೋಟಾರೇ ತಗೋರಿ. 2 ಎಚ್‌ಪಿ ಅಂದ್ರೆ ಸುಮಾರು ಒಂದೂವರೆ ಕಿಲೋವ್ಯಾಟ್. ನಿಮ್ಮ ಮೀಟರಿನ ಮಂಜೂರಾದ ಲೋಡ್, ವೈರಿಂಗ್ ಮೊದಲು ನೋಡ್ರಿ. ಪಂಪ್‌ಸೆಟ್ ಲೈನ್ ನಂಬಬೇಡ್ರಿ.
4. ರಿಪೇರಿ: ರೋಲರ್ ಸವೆಯೋದು ಖಚಿತ. ಬದಲಿ ರೋಲರ್ ಎಲ್ಲಿ ಸಿಗ್ತದೆ, ಎಷ್ಟು ರೊಕ್ಕ ಅಂತ ಮೊದಲೇ ಕೇಳ್ರಿ.

ಮಷೀನಿಗಿಂತ ಹದ ದೊಡ್ಡದು

ತೊಗರಿ ಸಿಪ್ಪೆಗೂ ಬೇಳೆಗೂ ನಡುವೆ ಅಂಟು ಇರ್ತದೆ. ಅದಕ್ಕೇ ಕಡಲೆ ಸುಲಭಕ್ಕೆ ಒಡೆದ್ರೂ ತೊಗರಿ ಹಟ ಮಾಡ್ತದೆ. ಹದ ಮಾಡೋ ಕ್ರಮ ಹೀಗೆ:

- ಜರಡಿ ಹಿಡಿದು ದಪ್ಪ, ಸಣ್ಣ ಕಾಳು ಬೇರೆ ಮಾಡ್ರಿ.
- ಸಂದು ಅಗಲ ಇಟ್ಟು ಒಮ್ಮೆ ಓಡಿಸಿ, ಸಿಪ್ಪೆಗೆ ಗೀರು ಮಾತ್ರ ಬೀಳಲಿ.
- ಕ್ವಿಂಟಲಿಗೆ ಅರ್ಧದಿಂದ ಒಂದು ಕಿಲೋ ಅಡುಗೆ ಎಣ್ಣೆ ಸವರಿ, 2-3 ದಿನ ಬಿಸಿಲಿಗೆ ಹಾಕ್ರಿ. ರಾತ್ರಿ ಗುಡ್ಡೆ ಮಾಡಿ ಮುಚ್ಚಿಡ್ರಿ. ನಮ್ಮ ಶಹಾಬಾದ್ ಕಲ್ಲಿನ ಅಂಗಳ ಇದಕ್ಕೆ ಹೇಳಿ ಮಾಡಿಸಿದ್ದು.
- ಕ್ವಿಂಟಲಿಗೆ 2-3 ಲೀಟರ್ ನೀರು ಚಿಮುಕಿಸಿ ರಾತ್ರಿ ಗುಡ್ಡೆ ಇಟ್ಟು, ಮರುದಿನ ಚೆನ್ನಾಗಿ ಒಣಗಿಸಿ ಒಡೆಯಿರಿ.

ಸರಿಯಾದ ರೋಲರ್ ಇರೋ ಮಷೀನ್ ತಗೊಂಡು, ಹೀಗೆ ಹದ ಮಾಡಿದ ಮೇಲೆ ಅದೇ 50 ಕಿಲೋಕ್ಕೆ 34 ಕಿಲೋ ಬೇಳೆ ಬಂತು. ಲೆಕ್ಕ ಹಾಕ್ರಿ: ಕ್ವಿಂಟಲಿಗೆ 12 ಕಿಲೋ ಹೆಚ್ಚು. 20 ಕ್ವಿಂಟಲ್ ಬೆಳೆಯೋರಿಗೆ 240 ಕಿಲೋ ಬೇಳೆ!

ಎಲ್ಲರೂ ಕೊಳ್ಳಬೇಕಿಲ್ಲ

ಮನೆ ಖರ್ಚಿಗೆ ಒಂದೆರಡು ಕ್ವಿಂಟಲ್ ಇದ್ರೆ ಕೂಲಿಗೆ ಒಡೆಸೋದೇ ಲಾಭ. ಹತ್ತಾರು ಕ್ವಿಂಟಲ್ ಇದ್ದು, ಕೊಳ್ಳೋ ಗಿರಾಕಿ ಗೊತ್ತಿದ್ರೆ ಮಾತ್ರ ಮಷೀನ್ ತಗೋರಿ. ಇಲ್ಲಾಂದ್ರೆ ನಾಲ್ಕು ಜನ ಕೂಡಿ ಒಂದು ತಗೋರಿ. ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿ 35% ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ ಇಟ್ಟಿದ್ದರು. ಈ ವರ್ಷದ ಸ್ಥಿತಿ ಕೃಷಿ ಇಲಾಖೆಯಲ್ಲಿ ಕೇಳ್ರಿ. ಪ್ಯಾಕೆಟ್ ಮಾಡಿ ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮರೀಬೇಡ್ರಿ.

ಕೊನೆಗೊಂದು ಮಾತು. ಮುಂಗಡ ಕೊಡೋ ಮೊದಲು ನಿಮ್ಮದೇ ಹದ ಮಾಡಿದ 10 ಕಿಲೋ ತೊಗರಿ, ಜೊತೆಗೊಂದು ತಕ್ಕಡಿ ತಗೊಂಡು ಅಂಗಡಿಗೆ ಹೋಗ್ರಿ. ಬೇಳೆ, ನುಚ್ಚು, ಹೊಟ್ಟು ಮೂರೂ ಬೇರೆ ತೂಗಿಸ್ರಿ. ಏಳು ಕಿಲೋ ಹತ್ತಿರ ಬೇಳೆ ಬಂದ್ರೆ ಮಾತಾಡ್ರಿ. "ಮನೆಗೆ ಹೋದ ಮೇಲೆ ಸೆಟ್ ಆಗ್ತದೆ" ಅಂದ್ರೆ ತೊಗರಿ ಚೀಲ ಕಟ್ಟಿಕೊಂಡು ವಾಪಸ್ ಬರ್ರಿ.